ವೇಗ, ದೂರ, ಅಸಮತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳು, ಅವರ ಅಪ್ಪ-ಅಮ್ಮಂದಿರು ಮತ್ತು ಒಬ್ಬಿಬ್ಬರು ಆಟೋದವರು ಕೇಳಿದ ಪ್ರಶ್ನೆಗಳು ಇವು. ದೂರಗಳು ನಮ್ಮ ರಸ್ತೆಗಳದ್ದೇ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ. ವೇಗಕ್ಕೆ ವ, ಸಮಯಕ್ಕೆ ಸ, ದೂರಕ್ಕೆ ದ ಅಂತ ಬರೆದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಎಕ್ಸ್, ವೈ ಇದ್ದರೆ ಅದನ್ನೇ ಬಳಸಿ.

## ಶುರು ಮಾಡುವವರಿಗೆ

ಟೀಚರ್, ಸಮೀಕರಣ ಇರುವಾಗ ಈ ಅಸಮತೆ ಎಂತಕ್ಕೆ?

ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ 50 ಕಿ.ಮೀ.ಗೆ ಎಷ್ಟು ಹೊತ್ತು ಬೇಕು? ಒಂದೂಕಾಲು ಗಂಟೆ. ಇದು ಸಮೀಕರಣದ ಪ್ರಶ್ನೆ, ಉತ್ತರ ಒಂದೇ.

ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಹೀಗೆ ಕೇಳುವುದಿಲ್ಲ. "ಹತ್ತರೊಳಗೆ ಮುಟ್ಟಬಹುದಾ?" ಅಂತ ಕೇಳುತ್ತಾರೆ. 9:20ಕ್ಕೆ ಮುಟ್ಟಿದರೂ ಸರಿ, 9:55ಕ್ಕೆ ಮುಟ್ಟಿದರೂ ಸರಿ, 10:05 ಮಾತ್ರ ಆಗದು. ಸರಿಯಾದ ಉತ್ತರ ಒಂದಲ್ಲ, ಬೇಕಾದಷ್ಟು ಉಂಟು. ಅವು ಎಲ್ಲಿಂದ ಎಲ್ಲಿವರೆಗೆ ಅಂತ ಗಡಿ ಹುಡುಕುವುದೇ ಅಸಮತೆಯ ಕೆಲಸ. ನನ್ನನ್ನು ಕೇಳಿದರೆ, ದಾರಿಯಲ್ಲಿ ಹುಟ್ಟುವ ಲೆಕ್ಕಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಪುಸ್ತಕದವರು ಅವನ್ನು ಸಮೀಕರಣ ಮಾಡಿ ಕೊಡುತ್ತಾರೆ, ಅಷ್ಟೇ.

ಅಂದ ಹಾಗೆ, < ಮತ್ತು > (ಕಡಿಮೆ, ಜಾಸ್ತಿ) ಚಿಹ್ನೆಗಳು ಮೊದಲು ಅಚ್ಚಾದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಇಂಗ್ಲಿಷ್ ಗಣಿತಜ್ಞನ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಅವನು ತೀರಿಹೋಗಿ ಹತ್ತು ವರ್ಷ ಆಗಿತ್ತು.

"ಕಡಿಮೆ" ಅಂತ ಇದ್ರೆ < ಹಾಕಿದ್ರೆ ಸಾಕಲ್ವಾ?

ಸಾಲದು. ಇಲ್ಲೇ ಜಾಸ್ತಿ ಜನ ಎಡವುವುದು. "ಕಡಿಮೆ ಅಂದ್ರೂ 30 ಬೇಕು" ಅನ್ನುವಾಗ ಕಡಿಮೆ ಅನ್ನುವ ಮಾತು ಇದೆ, ಆದರೆ ಚಿಹ್ನೆ ≥. ವೇಗ 30 ಅಥವಾ ಅದಕ್ಕಿಂತ ಜಾಸ್ತಿ ಅಂತ ಅರ್ಥ. "ಜಾಸ್ತಿ ಅಂದ್ರೆ 60" ಅಂದರೆ ≤. "60 ದಾಟಬಾರದು" ಅಂದರೂ ≤, ಯಾಕೆಂದರೆ 60 ತನಕ ಹೋಗಬಹುದು. "ಗೇಟ್ ಹಾಕುವ ಮುಂಚೆ ಮುಟ್ಟಬೇಕು" ಅಂದರೆ <, ಗೇಟ್ ಹಾಕುವ ಕ್ಷಣಕ್ಕೆ ಮುಟ್ಟಿದರೆ ಪ್ರಯೋಜನ ಇಲ್ಲ.

ಸಂಶಯ ಬಂದರೆ ಒಂದು ಸಂಖ್ಯೆ ಹಾಕಿ ನೋಡಿ. "ಕಡಿಮೆ ಅಂದ್ರೂ 30" ಅಂದವರಿಗೆ 45 ಒಪ್ಪಿಗೆಯಾ? ಹೌದು. 20? ಇಲ್ಲ. 30? ಹೌದು. ಚಿಹ್ನೆ ತಾನಾಗಿ ಸಿಕ್ಕಿತು.

1 ಗಂಟೆ 20 ನಿಮಿಷವನ್ನು 1.20 ಅಂತ ಬರೆಯಬಹುದಾ?

ಬೇಡ. 20 ನಿಮಿಷ ಅಂದರೆ ಗಂಟೆಯ ಮೂರನೇ ಒಂದು ಭಾಗ. ಹಾಗಾಗಿ 4/3 ಗಂಟೆ ಅಂತ ಬರೆಯಿರಿ, ಇಲ್ಲವಾದರೆ ಎಲ್ಲವನ್ನೂ ನಿಮಿಷದಲ್ಲೇ ಇಟ್ಟುಕೊಳ್ಳಿ. ಗಂಟೆಗೆ ಇಷ್ಟು ಕಿ.ಮೀ. ಅನ್ನುವುದನ್ನು ಸೆಕೆಂಡಿಗೆ ಇಷ್ಟು ಮೀಟರ್ ಮಾಡಲು 5/18ರಿಂದ ಗುಣಿಸಿ. 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಇದೊಂದು ನೆನಪಿದ್ದರೆ ಸಾಕು.

ಒಂದು ಲೆಕ್ಕ ಮೊದಲಿಂದ ಕೊನೆವರೆಗೆ ಮಾಡಿ ತೋರಿಸ್ತೀರಾ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ನೀವು 8:15ಕ್ಕೆ ಹೊರಡುತ್ತೀರಿ. 9:45ರೊಳಗೆ ಮುಟ್ಟಬೇಕು. ಸರಾಸರಿ ವೇಗ ಕಡಿಮೆ ಅಂದ್ರೂ ಎಷ್ಟಿರಬೇಕು?

ಕೈಯಲ್ಲಿರುವುದು ಒಂದೂವರೆ ಗಂಟೆ. ಅಷ್ಟರಲ್ಲಿ ಕ್ರಮಿಸುವ ದೂರ 50 ಅಥವಾ ಜಾಸ್ತಿ ಆಗಬೇಕು.

1.5 × ವ ≥ 50
ವ ≥ 33.33…

ಈಗ ದುಂಡು ಮಾಡುವಾಗ ಜಾಗ್ರತೆ. ಮಾಮೂಲಿ ಅಭ್ಯಾಸದಲ್ಲಿ 33 ಅಂತ ಬರೆದುಬಿಡುತ್ತಾರೆ. 33ರಲ್ಲಿ ಒಂದೂವರೆ ಗಂಟೆ ಹೋದರೆ 49.5 ಕಿ.ಮೀ. ಆಗುತ್ತದೆ, ಅರ್ಧ ಕಿ.ಮೀ. ಬಾಕಿ. ಕೆಳಗಿನ ಗಡಿಯಾದರೆ ಮೇಲಕ್ಕೆ ದುಂಡು ಮಾಡಬೇಕು, ಮೇಲಿನ ಗಡಿಯಾದರೆ ಕೆಳಕ್ಕೆ. ಇಲ್ಲಿ ಉತ್ತರ 34.

ಇದೆಲ್ಲ ಪರೀಕ್ಷೆಗೆ ಬರ್ತದಾ?

ಪ್ಲಸ್ ವನ್ (ಹನ್ನೊಂದನೇ ತರಗತಿ) ಗಣಿತದಲ್ಲಿ ರೇಖಾತ್ಮಕ ಅಸಮತೆಗಳ ಪಾಠವೇ ಉಂಟು. ಹತ್ತರವರೆಗೆ ಕನ್ನಡದಲ್ಲಿ ಕಲಿತು ಅಲ್ಲಿಗೆ ಇಂಗ್ಲಿಷಿಗೆ ಹೋಗುವ ನಮ್ಮ ಮಕ್ಕಳಿಗೆ ಒಂದು ಮಾತು: ಪ್ರಶ್ನೆಯನ್ನು ಓದಿದ ಕೂಡಲೇ ಚಿಹ್ನೆಯಲ್ಲಿ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಭಾಷೆಯ ಕಿರಿಕಿರಿ ಇಲ್ಲ.

## ಸ್ವಲ್ಪ ಪಳಗಿದವರಿಗೆ

ಬಸ್ಸು 60ರಲ್ಲಿ ಹೋಗ್ತದೆ, ಮತ್ತೆ 34 ಸಾಕು ಅಂತ ಹೇಳ್ತೀರಲ್ಲ?

ಬಸ್ಸು ಓಡುವಾಗ 60. ಆದರೆ ಅದು ನಿಲ್ಲುತ್ತದೆ. ಮೊಗ್ರಾಲಿನಲ್ಲಿ, ಕುಂಬಳೆಯಲ್ಲಿ, ಬಂದ್ಯೋಡಿನಲ್ಲಿ, ಉಪ್ಪಳದಲ್ಲಿ, ಹೊಸಂಗಡಿಯಲ್ಲಿ. ನಡುವೆ ಕೈ ತೋರಿಸಿದಲ್ಲೆಲ್ಲ. 34 ಅನ್ನುವುದು ಈ ನಿಲುಗಡೆಯನ್ನೂ ಸೇರಿಸಿದ ಸರಾಸರಿ.

ಲೆಕ್ಕ ಹಾಕೋಣ. ಒಂದು ಸ್ಟಾಪಿಗೆ, ನಿಧಾನ ಮಾಡಿ ಮತ್ತೆ ವೇಗ ಹಿಡಿಯುವುದೂ ಸೇರಿ, ಒಂದು ನಿಮಿಷ ಹಾಳು ಅಂತ ಇಟ್ಟುಕೊಳ್ಳಿ. ಸ್ಟಾಪುಗಳ ಸಂಖ್ಯೆ ನ. 50 ಕಿ.ಮೀ.ಗೆ ಓಟದ ಸಮಯ 3000/ವ ನಿಮಿಷ. ಒಟ್ಟು 90 ನಿಮಿಷ ಮೀರಬಾರದು.

3000/ವ + ನ ≤ 90

ವ = 60 ಆದರೆ ಓಟಕ್ಕೆ 50 ನಿಮಿಷ, ಹಾಗಾಗಿ ನ ≤ 40. ವ = 50 ಆದರೆ ನ ≤ 30. ವ = 40 ಆದರೆ ನ ≤ 15.

ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. 60ರಿಂದ 50ಕ್ಕೆ ಇಳಿದರೆ 10 ಸ್ಟಾಪ್ ಕೈತಪ್ಪುತ್ತದೆ. 50ರಿಂದ 40ಕ್ಕೆ ಇಳಿದರೆ 15. ವೇಗದ ಇಳಿಕೆ ಎರಡು ಸಲವೂ ಹತ್ತೇ, ನಷ್ಟ ಮಾತ್ರ ಬೇರೆ ಬೇರೆ. ವೇಗ ಕಡಿಮೆ ಇರುವಲ್ಲಿ ಸ್ವಲ್ಪ ಏರಿಸಿದರೆ ಸಮಯ ತುಂಬಾ ಉಳಿಯುತ್ತದೆ. ಮೊದಲೇ ಜೋರಾಗಿ ಹೋಗುತ್ತಿರುವವರು ಇನ್ನೂ ಒತ್ತಿದರೆ ಹೆಚ್ಚೇನೂ ಸಿಗುವುದಿಲ್ಲ. 80ರಿಂದ 90ಕ್ಕೆ ಏರಿಸಿದರೆ ಈ 50 ಕಿ.ಮೀ.ನಲ್ಲಿ ಉಳಿಯುವುದು ಸುಮಾರು ನಾಲ್ಕು ನಿಮಿಷ.

ಋಣಸಂಖ್ಯೆಯಿಂದ ಭಾಗಿಸಿದ್ರೆ ಚಿಹ್ನೆ ತಿರುಗೋದು ಯಾಕೆ? ಸುಮ್ನೆ ನಿಯಮ ಅಂತ ಹೇಳ್ಬೇಡಿ.

3 < 5 ಅಲ್ವಾ? ಎರಡಕ್ಕೂ ಋಣ ಚಿಹ್ನೆ ಹಾಕಿ: −3 ಮತ್ತು −5. ಸಂಖ್ಯಾರೇಖೆಯಲ್ಲಿ −5 ಎಡಕ್ಕೆ ಇದೆ, ಹಾಗಾಗಿ −3 > −5. ಸೊನ್ನೆಯ ಆ ಬದಿಗೆ ದಾಟಿದಾಗ ಎಡ ಬಲ ಅದಲುಬದಲಾಗುತ್ತದೆ.

ದಾರಿಯ ಲೆಕ್ಕದಲ್ಲಿ ಇದು ಬರುವುದು "ಇನ್ನೆಷ್ಟು ಬಾಕಿ" ಅಂತ ಕೇಳುವಾಗ. 50 ಕಿ.ಮೀ. ದಾರಿಯಲ್ಲಿ ಗಂಟೆಗೆ 40ರಂತೆ ಹೋಗುತ್ತಿದ್ದೀರಿ. ಬಾಕಿ ದೂರ 10 ಅಥವಾ ಅದಕ್ಕಿಂತ ಕಡಿಮೆ ಆಗುವುದು ಯಾವಾಗ?

50 − 40ಸ ≤ 10
−40ಸ ≤ −40
ಸ ≥ 1

ಒಂದು ಗಂಟೆ ಕಳೆದ ಮೇಲೆ. ಚಿಹ್ನೆ ತಿರುಗಿಸದಿದ್ದರೆ "ಮೊದಲ ಒಂದು ಗಂಟೆಯಲ್ಲಿ ಮಾತ್ರ ಊರು ಹತ್ತಿರ, ಆಮೇಲೆ ದೂರ" ಅಂತ ಆಗುತ್ತಿತ್ತು! ತಿರುಗಿಸುವುದು ಮರೆತುಹೋಗುವವರು 40ಸ ಅನ್ನು ಬಲಕ್ಕೆ ದಾಟಿಸಿ: 40 ≤ 40ಸ. ಋಣವೇ ಇಲ್ಲ, ತಿರುಗಿಸುವ ತಾಪತ್ರಯವೂ ಇಲ್ಲ. ನಾನು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ.

ವ ಕೆಳಗೆ ಇದ್ರೆ ಅದರಿಂದಲೇ ಎರಡೂ ಕಡೆ ಗುಣಿಸಬಹುದಾ?

ವೇಗವಾದರೆ ಧೈರ್ಯದಿಂದ ಗುಣಿಸಿ, ಯಾಕೆಂದರೆ ಅದು ಧನಸಂಖ್ಯೆ. 50/ವ ≤ 1.5 ಅಂದರೆ 50 ≤ 1.5ವ. ಆದರೆ ಅದೇ ಲೆಕ್ಕ ಪರೀಕ್ಷೆಯಲ್ಲಿ ವೇಗದ ಹೆಸರಿಲ್ಲದೆ, ಬರೀ ಚರಾಕ್ಷರದಲ್ಲಿ ಬಂದರೆ ನಿಲ್ಲಿ. ಅದು ಋಣವೂ ಆಗಿರಬಹುದು. ಆಗ ಎಡಬದಿ ಋಣವಾಗಿ 1.5ಕ್ಕಿಂತ ಕಡಿಮೆಯೇ ಆಗುತ್ತದೆ. ಹಾಗಾಗಿ ಎಲ್ಲ ಋಣಸಂಖ್ಯೆಗಳೂ ಉತ್ತರಕ್ಕೆ ಸೇರುತ್ತವೆ. ಇದನ್ನು ಬಿಟ್ಟರೆ ಅಂಕ ಹೋಗುತ್ತದೆ.

ಬೇಗ ಹೋದ್ರೂ ಕಷ್ಟ, ತಡವಾದ್ರೂ ಕಷ್ಟ. ಎರಡು ಮಿತಿ ಇದ್ರೆ ಹೇಗೆ?

ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಬೇಕಲದ ಮೇಲೆ ಕಾಞಂಗಾಡಿಗೆ 24 ಕಿ.ಮೀ. ಅಂತ ಇಟ್ಟುಕೊಳ್ಳಿ. ಬೈಕಿನಲ್ಲಿ 30 ನಿಮಿಷಕ್ಕಿಂತ ಮುಂಚೆ ಮುಟ್ಟುವುದು ಬೇಡ, 40 ನಿಮಿಷ ಮೀರುವುದೂ ಬೇಡ.

30 ≤ 1440/ವ ≤ 40

ಎರಡು ಅಸಮತೆಯಾಗಿ ಒಡೆದು ಬಿಡಿಸಿ. ಎಡದ್ದರಿಂದ ವ ≤ 48. ಬಲದ್ದರಿಂದ ವ ≥ 36. ಸಮಯದ ಮೇಲಿನ ಗಡಿ ವೇಗದ ಕೆಳಗಿನ ಗಡಿಯಾಯಿತು ಅನ್ನುವುದನ್ನು ಗಮನಿಸಿ. ಉತ್ತರ 36ರಿಂದ 48.

ಈಗ ತಡವಾಗಿ ಎದ್ದು, 20 ನಿಮಿಷದೊಳಗೆ ಮುಟ್ಟಬೇಕು ಅನ್ನುವ ಪರಿಸ್ಥಿತಿ. ವ ≥ 72 ಬೇಕು. 2023ರ ಜುಲೈಯಿಂದ ಕೇರಳದಲ್ಲಿ ಬೈಕಿಗೆ ಗರಿಷ್ಠ ಮಿತಿ 60. 72ಕ್ಕಿಂತ ಜಾಸ್ತಿಯೂ 60ಕ್ಕಿಂತ ಕಡಿಮೆಯೂ ಆಗಿರುವ ಸಂಖ್ಯೆ ಇಲ್ಲ. "ಉತ್ತರ ಇಲ್ಲ" ಅಂತ ಬರೆಯಲು ಮಕ್ಕಳು ಹೆದರುತ್ತಾರೆ. ಅದು ಪೂರ್ತಿ ಅಂಕದ ಉತ್ತರ.

ಹಣವೂ ಕಡಿಮೆ, ಸಮಯವೂ ಕಡಿಮೆ. ಎಷ್ಟು ನಡೆಯಬೇಕು, ಎಷ್ಟು ದೂರಕ್ಕೆ ಆಟೋ?

ಇದು ನಿಜವಾಗಿ ಕಾಲೇಜಿನ ಹುಡುಗ ಒಬ್ಬ ಕೇಳಿದ್ದು, ನನಗೆ ತುಂಬಾ ಇಷ್ಟವಾದ ಪ್ರಶ್ನೆ. ದಾರಿ 6 ಕಿ.ಮೀ., ಸಮಯ ಅರ್ಧ ಗಂಟೆ, ಜೇಬಿನಲ್ಲಿ 60 ರೂಪಾಯಿ. ನಡಿಗೆ ಗಂಟೆಗೆ 5 ಕಿ.ಮೀ., ಆಟೋ 30. ನಡೆಯುವ ದೂರ ದ.

ಮೊದಲು ಸಮಯ:

ದ/5 + (6 − ದ)/30 ≤ 1/2

30ರಿಂದ ಗುಣಿಸಿದರೆ 6ದ + 6 − ದ ≤ 15. ಅಂದರೆ ದ ≤ 1.8.

ಆಮೇಲೆ ಹಣ. ಕೇರಳದಲ್ಲಿ 2022ರ ಮೇಯಲ್ಲಿ ಬಂದ ದರದ ಪ್ರಕಾರ ಆಟೋಗೆ ಮೊದಲ ಒಂದೂವರೆ ಕಿ.ಮೀ.ಗೆ 30 ರೂಪಾಯಿ, ಆಮೇಲೆ ಕಿ.ಮೀ.ಗೆ 15. ಆಟೋದಲ್ಲಿ ಹೋಗುವ ದೂರ 6 − ದ.

30 + 15 × (6 − ದ − 1.5) ≤ 60

ಬಿಡಿಸಿದರೆ ದ ≥ 2.5. ಸಮಯ ಹೇಳುತ್ತದೆ 1.8ಕ್ಕಿಂತ ಜಾಸ್ತಿ ನಡೆಯಬೇಡ. ಜೇಬು ಹೇಳುತ್ತದೆ 2.5 ಆದರೂ ನಡಿ. ಎರಡೂ ಒಟ್ಟಿಗೆ ಆಗುವುದಿಲ್ಲ. ಹಾಗಾದರೆ ಯಾವುದನ್ನು ಸಡಿಲಿಸುವುದು? 2.5 ಕಿ.ಮೀ. ನಡೆದರೆ 30 ನಿಮಿಷ, ಬಾಕಿ 3.5 ಆಟೋದಲ್ಲಿ 7 ನಿಮಿಷ. ಒಟ್ಟು 37. ಏಳು ನಿಮಿಷ ಮುಂಚೆ ಹೊರಟರೆ 60 ರೂಪಾಯಿ ಸಾಕು. ಏಳು ನಿಮಿಷ ಮಲಗಲೇಬೇಕು ಅಂತ ಇದ್ದರೆ 1.8 ನಡೆದು ಆಟೋಗೆ 70 ರೂಪಾಯಿ 50 ಪೈಸೆ.

ಮಗಳು ಹಾಲ್ ಟಿಕೆಟ್ ಬಿಟ್ಟು ಬಸ್ ಹತ್ತಿದಳು. ಬೈಕಿನಲ್ಲಿ ಹೋದ್ರೆ ತಲಪಾಡಿಯ ಮುಂಚೆ ಸಿಗ್ತಾಳಾ?

ಕಾಸರಗೋಡಿನಿಂದ ತಲಪಾಡಿ ಗಡಿಗೆ 33 ಕಿ.ಮೀ. ಅಂತ ಹಿಡಿಯೋಣ. ಬಸ್ಸಿನ ಸರಾಸರಿ 36. ಬಸ್ಸು ಅಲ್ಲಿಗೆ ಮುಟ್ಟುವುದು 55 ನಿಮಿಷದಲ್ಲಿ. ನೀವು ಹೊರಡುವಾಗ 10 ನಿಮಿಷ ಆಗಿಹೋಗಿದೆ. ಉಳಿದದ್ದು 45 ನಿಮಿಷ, ಅಂದರೆ ಮುಕ್ಕಾಲು ಗಂಟೆ.

0.75 × ವ ≥ 33, ಹಾಗಾಗಿ ವ ≥ 44

ಬೈಕಿನ ಮಿತಿಯನ್ನೂ ಸೇರಿಸಿದರೆ 44 ≤ ವ ≤ 60. ಸಿಗುತ್ತಾಳೆ, ಗಾಬರಿ ಬೇಡ. 44ರಲ್ಲಿ ಹೋದರೆ ಗಡಿಯಲ್ಲೇ ಸಿಗುತ್ತಾಳೆ. ಸರಾಸರಿ 60 ಸಾಧ್ಯವಾದರೆ? ಹತ್ತು ನಿಮಿಷದಲ್ಲಿ ಬಸ್ಸು 6 ಕಿ.ಮೀ. ಮುಂದೆ ಹೋಗಿದೆ. ಆ ಅಂತರ ಗಂಟೆಗೆ 24 ಕಿ.ಮೀ.ನಂತೆ ಕರಗುತ್ತದೆ. 15 ನಿಮಿಷ ಬೇಕು. ಅಷ್ಟರಲ್ಲಿ ನೀವು ಬಂದದ್ದು 15 ಕಿ.ಮೀ., ಕುಂಬಳೆ ದಾಟಿ ಸ್ವಲ್ಪ ಮುಂದೆ.

ಜಾಸ್ತಿ ಅಂದ್ರೆ ಎಷ್ಟು ತಡವಾಗಿ ಹೊರಡಬಹುದು ಅನ್ನುವುದು ಇದರ ಉಲ್ಟಾ ಪ್ರಶ್ನೆ. 60ರಲ್ಲಿ ನಿಮಗೆ 33 ನಿಮಿಷ ಬೇಕೇ ಬೇಕು. 55 − 33 = 22. ಅಂದರೆ ತಡ ≤ 22 ನಿಮಿಷ. ಆದರೆ ಇಡೀ ದಾರಿ ಸರಾಸರಿ 60 ಬರಬೇಕಾದರೆ ಒಂದು ಕಡೆಯೂ ನಿಧಾನ ಮಾಡುವ ಹಾಗಿಲ್ಲ. ಅದು ಆಗುವ ಮಾತಲ್ಲ. ಕಾಗದದ ಮೇಲಿನ ಗಡಿಯನ್ನು ರಸ್ತೆಯಲ್ಲಿ ಮುಟ್ಟಲು ಹೋಗಬೇಡಿ. ಅದಕ್ಕಿಂತ ಮೊದಲು ಮಗಳಿಗೆ ಫೋನ್ ಮಾಡಿ, ಉಪ್ಪಳದಲ್ಲಿ ಇಳಿದು ನಿಲ್ಲಲಿ.

## ಮುಂದುವರಿದವರಿಗೆ

ಹೋಗುವಾಗ 30, ಬರುವಾಗ 60. ಸರಾಸರಿ 45 ಅಲ್ವಾ?

ಅಲ್ಲ, 40. ಒಂದು ಕಡೆಗೆ 60 ಕಿ.ಮೀ. ಅಂತ ಹಿಡಿಯಿರಿ: ಹೋಗಲು 2 ಗಂಟೆ, ಬರಲು 1 ಗಂಟೆ, 120 ಕಿ.ಮೀ.ಗೆ 3 ಗಂಟೆ. ನಿಧಾನದಲ್ಲಿ ಕಳೆದ ಹೊತ್ತೇ ಜಾಸ್ತಿ, ಹಾಗಾಗಿ ಸರಾಸರಿ ಆ ಕಡೆಗೆ ವಾಲುತ್ತದೆ.

ಎರಡು ವೇಗಗಳು ಅ ಮತ್ತು ಬ ಆದರೆ, ಸಮ ದೂರಕ್ಕೆ ಸರಾಸರಿ 2ಅಬ/(ಅ + ಬ). ಇದು ಯಾವತ್ತೂ (ಅ + ಬ)/2 ಅನ್ನು ಮೀರುವುದಿಲ್ಲ. ಯಾಕೆ? (ಅ − ಬ)² ≥ 0. ಇದಕ್ಕೆ 4ಅಬ ಕೂಡಿಸಿದರೆ (ಅ + ಬ)² ≥ 4ಅಬ. ಎರಡೂ ಕಡೆ 2(ಅ + ಬ)ಯಿಂದ ಭಾಗಿಸಿ, ಬಂತು.

ಹೋಗುವಾಗ 30 ಆಗಿಹೋಗಿದೆ, ಒಟ್ಟು ಸರಾಸರಿ 45 ಆದರೂ ಬೇಕು ಅಂದರೆ:

60ವ ≥ 45 × (30 + ವ), ಅಂದರೆ ವ ≥ 90

ಸರಾಸರಿ 60 ಬೇಕು ಅಂದರೆ 60ವ ≥ 1800 + 60ವ. ಎರಡೂ ಕಡೆಯ 60ವ ಹೋಗಿ ಉಳಿಯುವುದು 0 ≥ 1800. ಬರುವಾಗ ವಿಮಾನದಲ್ಲೇ ಬನ್ನಿ, ಆಗುವುದಿಲ್ಲ. ಹೋಗುವಾಗಲೇ ಪೂರ್ತಿ ಸಮಯ ಖರ್ಚಾಗಿದೆ.

ಎರಡು ಕ್ಯಾಮರಾ ನಡುವೆ ಸಮಯ ನೋಡಿ ಓವರ್ ಸ್ಪೀಡ್ ಅಂತ ಹೇಗೆ ಹೇಳ್ಬಹುದು? ಯಾರೂ ನೋಡಿಲ್ಲವಲ್ಲ?

ನೋಡಬೇಕಾಗಿಲ್ಲ. ಎರಡು ಕ್ಯಾಮರಾಗಳ ನಡುವೆ 10 ಕಿ.ಮೀ., ಬೈಕ್ 9 ನಿಮಿಷದಲ್ಲಿ ದಾಟಿತು ಅಂತ ಇಟ್ಟುಕೊಳ್ಳಿ. ಪ್ರತಿ ಕ್ಷಣವೂ ವ ≤ 60 ಇದ್ದಿದ್ದರೆ 9 ನಿಮಿಷದಲ್ಲಿ ದ ≤ 9 ಆಗಬೇಕಿತ್ತು. ಬಂದದ್ದು 10. ಹಾಗಾಗಿ ಎಲ್ಲೋ ಒಂದು ಕಡೆ 60 ದಾಟಿದ್ದು ಖಂಡಿತ. ಎಲ್ಲಿ ಅಂತ ಹೇಳಲಾಗದು, ದಾಟಿಲ್ಲ ಅಂತ ವಾದಿಸಲೂ ಆಗದು. ಕಾಸರಗೋಡಿನಿಂದ ತಿರುವನಂತಪುರಕ್ಕೆ ವಂದೇ ಭಾರತ್ ಸುಮಾರು 590 ಕಿ.ಮೀ.ಯನ್ನು ಸುಮಾರು 8 ಗಂಟೆಯಲ್ಲಿ ಕ್ರಮಿಸುತ್ತದೆ. ಕಿಟಕಿಯ ಹೊರಗೆ ನೋಡದೆಯೂ ಹೇಳಬಹುದು: ಅದು ಎಲ್ಲೋ 73 ದಾಟಿದೆ.

ಲಾರಿ ಓವರ್‌ಟೇಕ್ ಮಾಡಲು ಎದುರು ಎಷ್ಟು ರಸ್ತೆ ಖಾಲಿ ಇರಬೇಕು?

ಚೆರ್ಕಳ–ಜಾಲ್ಸೂರು ರಸ್ತೆಯಂಥ ಎರಡು ಪಥದ, ತಿರುವು ತಿರುವಿನ ದಾರಿ ಅಂತ ಇಟ್ಟುಕೊಳ್ಳಿ. ಲಾರಿ 10 ಮೀಟರ್ ಉದ್ದ. ಹಿಂದೆ 15, ಮುಂದೆ 15 ಮೀಟರ್ ಬಿಡಬೇಕು. ಅಂದರೆ ಲಾರಿಗಿಂತ 40 ಮೀಟರ್ ಜಾಸ್ತಿ ಕ್ರಮಿಸಬೇಕು. ನಿಮ್ಮ ಕಾರಿನ ವೇಗ ಕ, ಲಾರಿಯದ್ದು 40, ಎದುರಿನಿಂದ ಬರುವವರದ್ದು 60. ನೀವು ಲಾರಿಯನ್ನು ದಾಟುವ ವೇಗ ಕ − 40. ಎದುರಿನವರು ನಿಮಗೆ ಹತ್ತಿರವಾಗುವ ವೇಗ ಕ + 60. ಹಾಗಾಗಿ ಕಾಣುವ ರಸ್ತೆ ದ ಮೀಟರ್ ಆದರೆ:

ದ ≥ 40 × (ಕ + 60)/(ಕ − 40)

ಕ = 50 ಆದರೆ 440 ಮೀಟರ್ ಬೇಕು. 60 ಆದರೆ 240.

ಉಲ್ಟಾ ಕೇಳೋಣ. 200 ಮೀಟರ್ ಮಾತ್ರ ಕಾಣುತ್ತದೆ. ಕ − 40 ಧನವಾದ್ದರಿಂದ ಧೈರ್ಯವಾಗಿ ಗುಣಿಸಬಹುದು:

40(ಕ + 60) ≤ 200(ಕ − 40)

ಬಿಡಿಸಿದರೆ ಕ ≥ 65. ಕಾರಿಗೆ ಇಂಥ ರಾಜ್ಯ ಹೆದ್ದಾರಿಯಲ್ಲಿ ಗರಿಷ್ಠ ಮಿತಿ 80, ಹಾಗಾಗಿ 65ರಿಂದ 80ರ ನಡುವೆ ಜಾಗ ಉಂಟು. ಆದರೆ ತಿರುವಿನ ಹತ್ತಿರ 100 ಮೀಟರ್ ಮಾತ್ರ ಕಂಡರೆ? ಕ ≥ 106.66… ಬರುತ್ತದೆ. 80ರೊಳಗೆ ಅದು ಇಲ್ಲ. ಲಾರಿಯ ಹಿಂದೆಯೇ ಹೋಗಿ.

ಮಳೆಗಾಲದಲ್ಲಿ ಎಷ್ಟು ವೇಗ ಸುರಕ್ಷಿತ ಅಂತ ಲೆಕ್ಕ ಹಾಕಬಹುದಾ?

ಹಾಕಬಹುದು, ಇಲ್ಲಿ ವರ್ಗ ಅಸಮತೆ ಬರುತ್ತದೆ. ಇನ್ನು ಮುಂದೆ ವ ಅಂದರೆ ಸೆಕೆಂಡಿಗೆ ಇಷ್ಟು ಮೀಟರ್. ಎದುರು ದನ ಕಂಡು ಬ್ರೇಕ್ ಒತ್ತುವ ಮೊದಲು ಒಂದು ಸೆಕೆಂಡ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ ವ ಮೀಟರ್ ಮುಂದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲುವ ದೂರ ವ²/(2 × ಬ್ರೇಕಿನ ಹಿಡಿತ). ಹಿಡಿತ ಅಂದರೆ ಬ್ರೇಕ್ ಒತ್ತಿದಾಗ ವ ಪ್ರತಿ ಸೆಕೆಂಡಿಗೆ ಎಷ್ಟು ಇಳಿಯುತ್ತದೆ ಅನ್ನುವುದು. ಒಣ ರಸ್ತೆಯಲ್ಲಿ ಹಿಡಿತ 5, ಒದ್ದೆ ರಸ್ತೆಯಲ್ಲಿ ಅದರ ಅರ್ಧ, 2.5 ಅಂತ ತೆಗೆದುಕೊಳ್ಳೋಣ. ಟಯರ್ ಸವೆದಿದ್ದರೆ ಇನ್ನೂ ಕಡಿಮೆ. ದನ 30 ಮೀಟರ್ ದೂರದಲ್ಲಿದೆ. ಒದ್ದೆ ರಸ್ತೆ:

ವ + ವ²/5 ≤ 30
ವ² + 5ವ − 150 ≤ 0
(ವ + 15)(ವ − 10) ≤ 0

ಗುಣಲಬ್ಧ ಸೊನ್ನೆ ಅಥವಾ ಋಣ ಆಗಬೇಕಾದರೆ ವ ಅನ್ನುವುದು −15 ಮತ್ತು 10ರ ನಡುವೆ ಇರಬೇಕು. ವೇಗ ಋಣ ಆಗದು, ಹಾಗಾಗಿ ವ ≤ 10. ಅಂದರೆ ಗಂಟೆಗೆ 36 ಕಿ.ಮೀ. ಒಣ ರಸ್ತೆಯಲ್ಲಿ ಇದೇ ಲೆಕ್ಕ ವ² + 10ವ − 300 ≤ 0 ಆಗಿ, ಸೆಕೆಂಡಿಗೆ ಸುಮಾರು 13 ಮೀಟರ್, ಗಂಟೆಗೆ ಸುಮಾರು 46 ಕಿ.ಮೀ. ಬರುತ್ತದೆ.

ಕೆಲವರು ಕೇಳುತ್ತಾರೆ: ಕಾಣುವ ದೂರ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು ಮಾಡಬಹುದಲ್ವಾ? 60 ಮೀಟರ್ ಹಾಕಿ ನೋಡಿ. ಒದ್ದೆ ರಸ್ತೆಯಲ್ಲಿ (ವ + 20)(ವ − 15) ≤ 0. ವ ≤ 15, ಗಂಟೆಗೆ 54. ಎರಡು ಪಟ್ಟು 72 ಆಗಬೇಕಿತ್ತು. 72ರಲ್ಲಿ ಹೋದವರಿಗೆ ನಿಲ್ಲಲು 100 ಮೀಟರ್ ಬೇಕು.